ತಪ್ಪಿನ ಮೂಲವನ್ನು ಬರೆದಿಡುವ ವಹಿ

ಕಂಪ್ಯೂಟರು ತಪ್ಪುವುದಿಲ್ಲ, ತಪ್ಪುವವನು ಮನುಷ್ಯನೇ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಬಲವಾಗಿ ಬೇರೂರಿದೆ. ಪಗಾರದ ಚೀಟಿಯಲ್ಲಿ ಒಂದು ಪಾಳಿಯ ದುಡಿಮೆ ಮಾಯವಾಗಿದ್ದರೆ, ಕೌಂಟರಿನ ಲೆಕ್ಕ ಸಂಜೆಗೆ ಹೊಂದದಿದ್ದರೆ, ಭವಿಷ್ಯನಿಧಿಯ ಖಾತೆಯಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾಗಿ ಹಣ ತಡೆದು ನಿಂತಿದ್ದರೆ, ಮೊದಲು ಕೇಳಿಬರುವ ಪ್ರಶ್ನೆ "ಒತ್ತಿದವರು ಯಾರು?" ಎಂಬುದು. ಇದಕ್ಕೆ ಉತ್ತರ ಬಹು ಸುಲಭವಾಗಿ ಸಿಕ್ಕುತ್ತದೆ. ಕುರ್ಚಿಯಲ್ಲಿ ಕುಳಿತ ಕಾರಕೂನನೋ ಹಾಜರಿ ಬರೆಯುವ ಹುಡುಗನೋ ಒತ್ತಿರುತ್ತಾನೆ. "ಹೀಗಾಗಲು ಕಾರಣವೇನು?" ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೊತ್ತು ಬೇಕು, ತಾಳ್ಮೆ ಬೇಕು, ಹುಡುಕಿದ್ದನ್ನು ಬರೆದಿಡಲು ಒಂದು ವಹಿಯೂ ಬೇಕು. ಸಾಫ್ಟ್‌ವೇರ್ ತಯಾರಿಸುವ ತಂಡಗಳಲ್ಲಿ ಇಡುವ, ಇಡಬೇಕಾದ, ಅಂಥ ವಹಿಯ ವಿಷಯವನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಇದು ಹಿಂಜವಡಿಯ ಗಾಜಿನ ಕಟ್ಟಡಗಳೊಳಗಿನ ಮಾತು, ನಮಗೇಕೆ ಎಂದು ಕೆಲವರು ಕೇಳಬಹುದು. ಆ ಕಟ್ಟಡಗಳಲ್ಲಿ ಕೆಲಸಮಾಡುವವರಲ್ಲಿ ಕನ್ನಡಿಗರು ಕಡಮೆಯೇನಿಲ್ಲ. ಇಂದು ಬೆಂಗಳೂರಿನ ಹೆಸರಿನೊಡನೆ ಬೆಸೆದುಹೋಗಿರುವ ಇನ್ಫೋಸಿಸ್ ೧೯೮೧ರ ಜುಲೈ ತಿಂಗಳಲ್ಲಿ ಹುಟ್ಟಿದ್ದು ಈ ಪುಣೆಯಲ್ಲೇ; ಬೆಂಗಳೂರಿಗೆ ಹೋದದ್ದು ೧೯೮೩ರಲ್ಲಿ. ಅದಿರಲಿ. ಸಾಫ್ಟ್‌ವೇರ್ ಬರೆಯುವವನು ಒಬ್ಬನಾದರೆ ಅದರ ತಪ್ಪನ್ನು ಉಣ್ಣುವವರು ಸಾವಿರ ಮಂದಿ. ಬರೆಯುವವರೂ ಉಣ್ಣುವವರೂ ಇಬ್ಬರೂ ನಮ್ಮ ವಾಚನಾಲಯಕ್ಕೆ ಬರುವವರೇ ಆದ್ದರಿಂದ ಇಬ್ಬರಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ.

ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದುಕೊಟ್ಟ ಆಜ್ಞೆಗಳ ಸರಣಿಯೇ ಪ್ರೋಗ್ರಾಮು. ಆ ಬರವಣಿಗೆಯಲ್ಲಿನ ತಪ್ಪಿಗೆ "ಬಗ್", ಎಂದರೆ ಹುಳು, ಎಂದು ಹೆಸರು. ಹೆಸರು ಹಳೆಯದು; ಯಂತ್ರದ ಕಾಣದ ದೋಷವನ್ನು ಎಡಿಸನ್ನನ ಕಾಲದಲ್ಲಿಯೇ ಹೀಗೆ ಕರೆಯುತ್ತಿದ್ದರು. ೧೯೪೭ರ ಸೆಪ್ಟೆಂಬರ್ ೯ರಂದು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದ "ಮಾರ್ಕ್ ಎರಡು" ಎಂಬ ಗಣಕಯಂತ್ರದಲ್ಲಿ ನಿಜವಾದ ಹುಳುವೇ ಸಿಕ್ಕಿತು. ಒಂದು ರಿಲೇಯ ನಡುವೆ ಪತಂಗವೊಂದು ಸಿಲುಕಿ ಸತ್ತಿತ್ತು. ಕೆಲಸಗಾರರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಹೊತ್ತನ್ನೂ ಸಿಕ್ಕ ಜಾಗವನ್ನೂ ಪಕ್ಕದಲ್ಲಿ ಬರೆದರು. ಆ ಪುಟ ಇಂದಿಗೂ ಅಮೇರಿಕೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ. ತಮಾಷೆಯ ಪ್ರಸಂಗವೆಂದು ಎಲ್ಲರೂ ಇದನ್ನು ಹೇಳುತ್ತಾರೆ. ನಮಗೆ ಅದರಲ್ಲಿ ಹಿಡಿಸುವುದು ಬೇರೆ: ಯಂತ್ರ ಸರಿಯಾದ ಮೇಲೂ ಕಾರಣವನ್ನು ಪುಟದ ಮೇಲೆ ನಿಲ್ಲಿಸಿದ ಆ ಶಿಸ್ತು.

ಲೆಕ್ಕ ಬರೆಯುವ ಕಾರಕೂನರಿಗೆ ಈ ಶಿಸ್ತು ಹೊಸದಲ್ಲ. ಜಮಾ-ಖರ್ಚು ಹೊಂದದೆ ೯೦ ರೂಪಾಯಿ ವ್ಯತ್ಯಾಸ ಬಂತೆಂದು ಇಟ್ಟುಕೊಳ್ಳೋಣ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದನ್ನು ಕಂಡಕೂಡಲೇ ನುರಿತ ಕಾರಕೂನನು ಅಂಕೆಗಳು ಎಲ್ಲೋ ಅದಲುಬದಲಾಗಿವೆ ಎಂದು ಊಹಿಸುತ್ತಾನೆ. ಹುಡುಕಿದರೆ ೫೪೦ ಇರಬೇಕಾದಲ್ಲಿ ೪೫೦ ಸಿಕ್ಕುತ್ತದೆ. ತಿದ್ದಿದರೆ ಲೆಕ್ಕ ಹೊಂದಿತು. ಆದರೆ ಅದೇ ಮೇಜಿನಲ್ಲಿ ಪ್ರತಿ ವಾರವೂ ಅಂಕೆಗಳು ಅದಲುಬದಲಾಗುತ್ತಿದ್ದರೆ? ಒಂದೇ ಚೀಟಿಯನ್ನು ಎರಡು ವಹಿಗಳಿಗೆ ಕೈಯಿಂದ ನಕಲು ಮಾಡುವ ಪದ್ಧತಿಯೇ ಕಾರಣವೆಂದು ತಿಳಿಯಬೇಕಾದರೆ ಹಿಂದಿನ ತಪ್ಪುಗಳನ್ನು ಯಾರಾದರೂ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಹೊಸ ತಪ್ಪು, ಪ್ರತಿ ಸಲವೂ ಹೊಸ ಬೈಗಳು. ಇನ್ನೊಂದು ದಾರಿಯೂ ಉಂಟು: ಹೊಂದದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುವುದು. ಸಾಫ್ಟ್‌ವೇರಿನವರಲ್ಲಿಯೂ ಈ ಖಾತೆ ಇದೆ. "ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು, ಈಗ ಸರಿಯಿದೆ" ಎಂದು ಬರೆದು ದೂರನ್ನು ಮುಗಿಸುವುದೆಂದರೆ ಇದೇ.

ತಪ್ಪನ್ನು ತಿದ್ದುವುದಕ್ಕೂ ಮೂಲವನ್ನು ಕಾಣುವುದಕ್ಕೂ ಇರುವ ಅಂತರವನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕಾರ್ಖಾನೆಯೊಂದರಲ್ಲಿ ರಾತ್ರಿ ಹತ್ತಕ್ಕೆ ಒಳಗೆ ಹೋಗಿ ಬೆಳಗಿನ ಆರಕ್ಕೆ ಹೊರಬರುವವರ ಪಗಾರದಲ್ಲಿ ಆ ಎಂಟು ತಾಸು ಸೊನ್ನೆಯಾಗಿ ಬರುತ್ತದೆ. ದೂರು ಹೋಗುತ್ತದೆ. ಪ್ರೋಗ್ರಾಮು ಬರೆದ ತರುಣನು ತೆರೆದು ನೋಡುತ್ತಾನೆ. ಹೊರಬಂದ ಹೊತ್ತಿನಿಂದ ಒಳಹೋದ ಹೊತ್ತನ್ನು ಕಳೆಯುವಂತೆ ಬರೆದಿದೆ. ಆರರಿಂದ ಇಪ್ಪತ್ತೆರಡನ್ನು ಕಳೆದರೆ ಋಣ ಹದಿನಾರು. ಋಣಸಂಖ್ಯೆ ಬಂದರೆ ಸೊನ್ನೆ ಎಂದು ಹಿಡಿಯಲು ಇನ್ನೊಂದು ಸಾಲು ಇದೆ. ಅವನು ಇಪ್ಪತ್ನಾಲ್ಕನ್ನು ಕೂಡಿಸುವ ಒಂದು ಸಾಲು ಸೇರಿಸುತ್ತಾನೆ. ಎಂಟು ತಾಸು ಸರಿಯಾಗಿ ಬಂತು, ಹತ್ತು ನಿಮಿಷದ ಕೆಲಸ. ಬಹಳ ತಂಡಗಳಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ, ವಹಿಯಲ್ಲಿ "ರಾತ್ರಿ ಪಾಳಿಯ ಲೆಕ್ಕ ಸರಿಪಡಿಸಲಾಗಿದೆ" ಎಂಬ ಒಂದೇ ಸಾಲು ಉಳಿಯುತ್ತದೆ.

ಚಾಕಣ, ಪಿಂಪರಿ-ಚಿಂಚವಡದ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಮಿತ್ರರಿಗೆ "ವೈ-ವೈ" ಎಂಬ ಪದ್ಧತಿ ಗೊತ್ತಿರಬೇಕು. ಜಪಾನಿನ ಟೊಯೋಟಾ ಕಾರ್ಖಾನೆಯ ತೈಇಚಿ ಓನೋ ಎಂಬವರು ರೂಢಿಗೆ ತಂದ ಕ್ರಮವಿದು: ದೋಷ ಕಂಡಾಗ "ಏಕೆ" ಎಂದು ಒಮ್ಮೆ ಕೇಳಿ ಸುಮ್ಮನಾಗದೆ ಐದು ಸಲ ಕೇಳಬೇಕು. ನಮ್ಮ ರಾತ್ರಿ ಪಾಳಿಗೆ ಇದನ್ನು ಹಚ್ಚಿ ನೋಡೋಣ. ಪಗಾರ ಏಕೆ ಕಡಮೆ ಬಂತು? ತಾಸು ಸೊನ್ನೆಯಾಯಿತು. ಏಕೆ ಸೊನ್ನೆಯಾಯಿತು? ತಾರೀಖನ್ನು ನೋಡದೆ ಬರಿಯ ಗಡಿಯಾರದ ಹೊತ್ತನ್ನು ಕಳೆದರು, ಬಂದ ಋಣವನ್ನು ಸೊನ್ನೆ ಮಾಡಿದರು. ಋಣವನ್ನು ಏಕೆ ಸೊನ್ನೆ ಮಾಡಿದರು? ಹಿಂದೆಂದೋ ಋಣಸಂಖ್ಯೆ ಬಂದು ಪಗಾರದ ಕೆಲಸ ನಡುವೆಯೇ ನಿಂತುಹೋಗಿತ್ತು. ತಿಂಗಳ ಕೊನೆಯ ಅವಸರದಲ್ಲಿ ಯಾರೋ ಈ ತೇಪೆ ಹಾಕಿದರು, ಏಕೆ ಹಾಕಿದೆವೆಂದು ಬರೆಯಲಿಲ್ಲ. ಪರೀಕ್ಷೆಯಲ್ಲಿ ಏಕೆ ಸಿಗಲಿಲ್ಲ? ಪರೀಕ್ಷೆಗೆ ಇಟ್ಟುಕೊಂಡ ಹಾಜರಿಯೆಲ್ಲ ಹಗಲಿನದು. ಅದೇಕೆ ಹಾಗೆ? ಕೆಲಸ ಒಪ್ಪಿಸುವಾಗ ಕಾರ್ಖಾನೆಯಲ್ಲಿ ಎರಡೇ ಪಾಳಿ ಇತ್ತು. ಮೂರನೆಯ ಪಾಳಿ ಶುರುವಾದಾಗ ಸಾಫ್ಟ್‌ವೇರ್ ತಂಡಕ್ಕೆ ತಿಳಿಸುವ ಏರ್ಪಾಡು ಯಾರ ಕಡೆಯಿಂದಲೂ ಇರಲಿಲ್ಲ.

ಈಗ ನೋಡಿ. ಒಂದು ಸಾಲು ಸೇರಿಸಿದವನು ಮುಟ್ಟದೆ ಬಿಟ್ಟ ಮೂರು ಸಂಗತಿಗಳು ಹೊರಬಂದವು. ಋಣವನ್ನು ಸದ್ದಿಲ್ಲದೆ ಸೊನ್ನೆ ಮಾಡುವ ತೇಪೆ ಇನ್ನೂ ಅಲ್ಲೇ ಇದೆ, ನಾಳೆ ಬೇರೊಂದು ತಪ್ಪನ್ನು ಮುಚ್ಚಲಿದೆ. ಪರೀಕ್ಷೆಯಲ್ಲಿ ರಾತ್ರಿ ಎಂಬುದೇ ಇಲ್ಲ. ಕಾರ್ಖಾನೆಯ ಪದ್ಧತಿ ಬದಲಾದರೆ ತಿಳಿಯುವ ದಾರಿಯಿಲ್ಲ. ಮೂಲ ಒಂದೇ ಇರುತ್ತದೆಂಬ ನಂಬಿಕೆಯೂ ಸರಿಯಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಆಲದ ಮರಕ್ಕೆ ಬಿಳಲು ಹಲವು. ಐದು ಎಂಬುದೂ ಮಂತ್ರಸಂಖ್ಯೆಯಲ್ಲ. ಕೆಲವೊಮ್ಮೆ ಮೂರಕ್ಕೇ ಮುಗಿಯುತ್ತದೆ, ಕೆಲವೊಮ್ಮೆ ಏಳಾದರೂ ಬೇಕು. ಹಾಗೆಂದು ಕೇಳುತ್ತಲೇ ಹೋದರೆ ಭೂಮಿ ತಿರುಗುವುದರಿಂದಲೇ ರಾತ್ರಿಯಾಗುತ್ತದೆ ಎಂಬಲ್ಲಿಗೆ ಮುಟ್ಟೀತು! ತಂಡದ ಕೈಗೆ ಎಟುಕುವ, ಬದಲಾಯಿಸಲು ಬರುವ ಕಾರಣ ಸಿಕ್ಕಲ್ಲಿ ನಿಲ್ಲುವುದು ಜಾಣತನ.

ಪುಣೆಯ ಹಳಬರಿಗೆ ಇದನ್ನು ಪಾನಶೇತದ ಮಾತಿನಿಂದಲೂ ಹೇಳಬಹುದು. ೧೯೬೧ರ ಜುಲೈ ೧೨ರಂದು ಆ ಮಣ್ಣಿನ ಅಣೆಕಟ್ಟು ಒಡೆದು, ಕೆಳಗಿನ ಖಡಕವಾಸಲೆಯೂ ಒಡೆದು, ನದಿ ನಗರದೊಳಕ್ಕೆ ನುಗ್ಗಿತು. ಕಾರಣವೇನು? ಮಳೆ ಎಂದು ಬರೆದರೆ ಸುಳ್ಳಲ್ಲ. ಆದರೆ ಮಳೆ ಎಂದು ಬರೆದ ಪುಟದಿಂದ ಮುಂದಿನ ಅಣೆಕಟ್ಟು ಕಟ್ಟುವವನಿಗೆ ಏನೂ ಸಿಕ್ಕುವುದಿಲ್ಲ. ನೀರು ಹೊರಬಿಡುವ ಮಾರ್ಗದ ಬಾಗಿಲುಗಳ ಕೆಲಸ ಮುಗಿಯುವ ಮೊದಲೇ ನೀರು ನಿಲ್ಲಿಸಲಾಗಿತ್ತು, ಆ ಮಾರ್ಗದ ಮೇಲಿನ ಏರಿಯೇ ಕುಸಿಯಿತು ಎಂದು ಬರೆದರೆ, ಅವನಿಗೆ ಮಾಡಬೇಕಾದ ಕೆಲಸ ಗೊತ್ತಾಗುತ್ತದೆ.

ಸಾಫ್ಟ್‌ವೇರ್ ವಹಿಯ ಒಂದು ಒಳ್ಳೆಯ ಪುಟದಲ್ಲಿ ಏನಿರಬೇಕು? ಮೊದಲು, ತೊಂದರೆಗೊಳಗಾದವನು ಕಂಡದ್ದು ಅವನದೇ ಮಾತಿನಲ್ಲಿ. ತಜ್ಞರು ಇದನ್ನು ತಮ್ಮ ಪರಿಭಾಷೆಗೆ ತಿರುಗಿಸುವಾಗಲೇ ಅರ್ಧ ಸಂಗತಿ ಸೋರಿಹೋಗುತ್ತದೆ. "ಪಗಾರ ಬರಲಿಲ್ಲ" ಎಂಬುದು "ಅವಧಿಯ ಮೌಲ್ಯ ಅಮಾನ್ಯ" ಎಂದಾದರೆ ಓದುವವನಿಗೆ ಹೊಟ್ಟೆಯ ಸಂಕಟ ಕಾಣುವುದಿಲ್ಲ. ಆಮೇಲೆ, ಯಾವ ದಿನ, ಪ್ರೋಗ್ರಾಮಿನ ಯಾವ ಆವೃತ್ತಿಯಲ್ಲಿ, ಏನೇನು ಒತ್ತಿದರೆ ತಪ್ಪು ಮತ್ತೆ ಕಾಣುತ್ತದೆ ಎಂಬುದು. ತಕ್ಷಣದ ಕಾರಣ. ಅದು ಹೇಗೆ ಒಳಸೇರಿತು, ಪರೀಕ್ಷೆಯ ಜರಡಿಯಿಂದ ಹೇಗೆ ನುಸುಳಿತು ಎಂಬ ಎರಡು ಬೇರೆ ಬೇರೆ ಉತ್ತರಗಳು. ಇವೆರಡನ್ನೂ ಒಂದೇ ಎಂದು ತಿಳಿದು ಒಂದನ್ನೇ ಬರೆಯುವುದು ಸಾಮಾನ್ಯವಾದ ಕೊರತೆ. ತಪ್ಪು ಮಾಡದ ಬರಹಗಾರನನ್ನು ತರುವುದು ಸಾಧ್ಯವಿಲ್ಲ, ಜರಡಿಯನ್ನು ಸಣ್ಣದು ಮಾಡುವುದು ಸಾಧ್ಯ.

"ಅಜಾಗರೂಕತೆ", "ಮಾನವ ದೋಷ", "ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು" ಎಂಬ ಪದಗಳು ಕಂಡ ಪುಟವನ್ನು ನಾವು ಖಾಲಿ ಪುಟವೆಂದೇ ಎಣಿಸುತ್ತೇವೆ. ಎಚ್ಚರವಾಗಿರೆಂದು ಹೇಳಿದ್ದರಿಂದ ಯಾವ ಯಂತ್ರವೂ ರಿಪೇರಿಯಾಗಿಲ್ಲ. ತಪ್ಪು ಮಾಡಿದವನ ಹೆಸರನ್ನು ಬರೆಯಬೇಕೇ ಎಂಬ ಬಗ್ಗೆ ವಾದವುಂಟು. ಬರೆಯಬಾರದೆಂಬುದು ನಮ್ಮ ಮತ. ಎಷ್ಟು ಬಗ್ ಯಾರ ಹೆಸರಿನಲ್ಲಿವೆ ಎಂದು ಎಣಿಸಿ ಬಡ್ತಿಯನ್ನು ತಡೆಯುವ ತಂಡದಲ್ಲಿ ವಹಿ ತೆಳ್ಳಗಾಗುತ್ತ ಬರುತ್ತದೆ. ತಪ್ಪುಗಳು ಕಡಮೆಯಾದುದರಿಂದಲ್ಲ, ಬರೆಯುವ ಕೈಗಳು ಕಡಮೆಯಾದುದರಿಂದ. ಮೇಲಿನ ಸಾಹೇಬರು ಅದನ್ನು ನೋಡಿ ಗುಣಮಟ್ಟ ಏರಿತೆಂದು ಸಂತೋಷಪಡುವುದೂ ಉಂಟು.

ಪ್ರತಿ ತಪ್ಪಿಗೂ ಸಭೆ ಸೇರಿ ಚರ್ಚಿಸಲು ಯಾರಿಗೂ ಪುರಸೊತ್ತಿಲ್ಲ. ಇದಕ್ಕೊಂದು ಉಪಾಯ ಕಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೇರಿಕೆಯ ಐಬಿಎಂ ಕಂಪನಿಯಲ್ಲಿ ಸಂಶೋಧಕರಾಗಿದ್ದ ರಾಮ್ ಚಿಲ್ಲರಿಗೆ ಮುಖ್ಯರು. ೧೯೯೨ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಕ್ರಮದಲ್ಲಿ, ತಪ್ಪನ್ನು ತಿದ್ದುವವನು ಆ ತಪ್ಪು ಯಾವ ಜಾತಿಯದೆಂದು ಕೆಲವೇ ನಿಮಿಷಗಳಲ್ಲಿ ಗುರುತುಹಾಕುತ್ತಾನೆ: ಬೆಲೆ ತುಂಬುವುದರಲ್ಲಿ ತಪ್ಪೋ, ತಪಾಸಣೆ ಬಿಟ್ಟುಹೋಯಿತೋ, ಎರಡು ಭಾಗಗಳು ಕೂಡುವಲ್ಲಿ ಹೊಂದಲಿಲ್ಲವೋ, ಹೊತ್ತಿನ ಹಿಂದುಮುಂದೋ, ಬೇಕಾದ ಕೆಲಸವೇ ಯೋಜನೆಯಲ್ಲಿ ಇರಲಿಲ್ಲವೋ. ಏನು ಮಾಡುತ್ತಿದ್ದಾಗ ಅದು ಹೊರಬಿತ್ತೆಂಬುದನ್ನೂ ಗುರುತಿಸುತ್ತಾನೆ. ಒಂದು ಗುರುತಿನಿಂದ ಏನೂ ತಿಳಿಯದು. ನೂರಾರು ಸೇರಿದ ಮೇಲೆ ಖಾನೇಸುಮಾರಿಯಂತೆ ಚಿತ್ರ ಮೂಡುತ್ತದೆ; ಕೆಲಸದ ಯಾವ ಹಂತ ಸೊರಗಿದೆ ಎಂದು ಕಾಣುತ್ತದೆ. ದೊಡ್ಡ ತಪ್ಪಿಗೆ "ಏಕೆ, ಏಕೆ" ಎಂಬ ವಿಚಾರಣೆ, ಸಣ್ಣದಕ್ಕೆ ಗುರುತಿನ ಚೀಟಿ ಎಂದು ಹಂಚಿಕೊಂಡರೆ ತಂಡಕ್ಕೆ ಹೊರೆಯಾಗದು.

ದೊಡ್ಡ ತಪ್ಪಿನ ವಿಚಾರಣೆ ಹೇಗಿರಬೇಕೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ೧೯೯೩ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟ ನಡೆಯಿತು. ಆಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿ ಕಡೆಯ ಯು. ಆರ್. ರಾವ್. ಎರಡನೆಯ ಹಂತ ಕಳಚಿ ಮೂರನೆಯದು ಮುಂದುವರಿಯಬೇಕಾದ ಹೊತ್ತಿನಲ್ಲಿ ರಾಕೆಟ್ಟಿನ ನಿಲುವು ಕೆಟ್ಟಿತು. ಉಪಗ್ರಹ ಕಕ್ಷೆ ಸೇರಲಿಲ್ಲ. ತನಿಖೆಯ ಸಮಿತಿ ಕಂಡುಕೊಂಡ ಮುಖ್ಯ ಕಾರಣ, ನಿಲುವನ್ನು ಹಿಡಿದಿಡುವ ಪ್ರೋಗ್ರಾಮಿನಲ್ಲಿನ ಒಂದು ತಪ್ಪು. ಆ ತಪ್ಪಿನ ಗುಣ ವಿಚಿತ್ರವಾದದ್ದು: ಆಜ್ಞೆಯ ಪ್ರಮಾಣ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ದಾಟಿದಾಗ ಮಾತ್ರ ಅದು ತಲೆಯೆತ್ತುತ್ತದೆ. ಮಿತಿಯೊಳಗೆ ಸಾವಿರ ಸಲ ಓಡಿಸಿ ನೋಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಮ್ಮ ರಾತ್ರಿ ಪಾಳಿಯ ಲೆಕ್ಕಕ್ಕೂ ಇದಕ್ಕೂ ಎಷ್ಟು ಹೋಲಿಕೆ ಎಂಬುದನ್ನು ವಾಚಕರು ಗಮನಿಸಬೇಕು. "ರಾಕೆಟ್ ಬಿತ್ತು" ಎಂಬಲ್ಲಿಯೂ ನಿಲ್ಲದೆ, "ಪ್ರೋಗ್ರಾಮು ತಪ್ಪಿತು" ಎಂಬಲ್ಲಿಯೂ ನಿಲ್ಲದೆ, ಯಾವ ಸಂದರ್ಭದಲ್ಲಿ ತಪ್ಪುತ್ತದೆ ಎಂಬವರೆಗೆ ಹೋದುದರಿಂದ ತಿದ್ದಲು ದಾರಿಯಾಯಿತು. ೧೯೯೪ರ ಅಕ್ಟೋಬರ್ ೧೫ರಂದು ಎರಡನೆಯ ಹಾರಾಟ ಗೆದ್ದಿತು.

ಇದಕ್ಕೆ ವಿರುದ್ಧವಾದ ಪ್ರಸಂಗ ಬ್ರಿಟನ್ನಿನದು. ಕೌಂಟರಿನಲ್ಲಿ ಕುಳಿತು ಹಣ ಎಣಿಸುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕೆಂದು ನಮಗನಿಸುತ್ತದೆ. ಅಲ್ಲಿನ ಅಂಚೆ ಕಚೇರಿಗಳಿಗೆ ೧೯೯೯ರಿಂದ "ಹೊರೈಜನ್" ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಬಂದಂದಿನಿಂದ ಊರೂರಿನ ಸಣ್ಣ ಅಂಚೆ ಕಚೇರಿಗಳಲ್ಲಿ ಹಣದ ಕೊರತೆ ಕಾಣತೊಡಗಿತು. ಕೊರತೆಯನ್ನು ಕಚೇರಿ ನಡೆಸುವವರೇ ತುಂಬಿಕೊಡಬೇಕೆಂಬುದು ಕರಾರು. ಸಹಾಯಕ್ಕೆಂದು ಫೋನು ಮಾಡಿದ ಅನೇಕರಿಗೆ, ಇಂಥ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮ್ಮೊಬ್ಬರಿಗೇ ಎಂಬ ಉತ್ತರ ಬಂತು. ಕೆಲವರು ಮನೆ ಒತ್ತೆಯಿಟ್ಟು ಹಣ ಕಟ್ಟಿದರು. ೧೯೯೯ರಿಂದ ೨೦೧೫ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳ ಮೇಲೆ ಶಿಕ್ಷೆಯಾಯಿತು. ಭಾರತೀಯ ಮೂಲದ ಒಬ್ಬ ಗರ್ಭಿಣಿಯೂ ೨೦೧೦ರಲ್ಲಿ ಜೈಲು ಸೇರಿದಳು.

ತಪ್ಪುಗಳು ಎಂಥವೆಂಬುದಕ್ಕೆ ಒಂದನ್ನು ಹೇಳುತ್ತೇವೆ. ೨೦೧೫ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ನಿಗೆ ಸೇರಿದ ಒಂದು ಕೌಂಟರಿನಲ್ಲಿ ಎಂಟು ಸಾವಿರ ಪೌಂಡು ಜಮಾ ಬರೆಯಬೇಕಾಗಿತ್ತು. ಗುಂಡಿ ಒತ್ತಿದರೂ ಪರದೆ ಬದಲಾಗಲಿಲ್ಲ. ಕೆಲಸದವರು ಮತ್ತೆ ಮತ್ತೆ ಒತ್ತಿದರು, ಯಾರಾದರೂ ಒತ್ತುತ್ತಿದ್ದರು. ಒಳಗೆ ಯಂತ್ರವು ಪ್ರತಿ ಒತ್ತಿಗೂ ಎಂಟು ಸಾವಿರ ಬರೆದುಕೊಂಡಿತ್ತು. ಇಲ್ಲದ ಇಪ್ಪತ್ನಾಲ್ಕು ಸಾವಿರ ಪೌಂಡಿನ ಕೊರತೆ ಸಿದ್ಧವಾಯಿತು. ಇದೇ ದೋಷ ಹಿಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸಲ ನಡೆದಿತ್ತೆಂದು ಆಮೇಲೆ ಎಣಿಕೆಯಿಂದ ತಿಳಿಯಿತು.

ಇಲ್ಲಿ ವಹಿ ಇರಲಿಲ್ಲವೇ? ಇತ್ತು. ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದ ಫುಜಿತ್ಸು ಕಂಪನಿಯ ತಜ್ಞರು "ತಿಳಿದ ದೋಷಗಳ ದಾಖಲೆ" ಎಂಬುದನ್ನು ಇಟ್ಟಿದ್ದರು; ಅದರಲ್ಲಿ ಸಾವಿರಾರು ನಮೂದುಗಳಿದ್ದವು. ಕೌಂಟರಿನವನಿಗೆ ಆ ವಹಿ ಇದೆಯೆಂಬುದೇ ಗೊತ್ತಿರಲಿಲ್ಲ. ಅಲನ್ ಬೇಟ್ಸ್ ಎಂಬ ಅಂಚೆಯವರ ಮುಂದಾಳುತನದಲ್ಲಿ ೫೫೫ ಮಂದಿ ಕೂಡಿ ದಾವೆ ಹೂಡಿದಾಗಲೂ ಆ ದಾಖಲೆ ಅವರ ವಕೀಲರ ಕೈಗೆ ಸುಲಭವಾಗಿ ಬರಲಿಲ್ಲ. ಬಂದ ಮೇಲೆ ಮೊಕದ್ದಮೆಯ ದಿಕ್ಕು ಬದಲಾಯಿತು. ೨೦೧೯ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಜರ್ ಆ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು, ಲೆಕ್ಕವನ್ನು ಕೆಡಿಸುವಂಥವಿದ್ದವು ಎಂದು ತೀರ್ಪಿತ್ತರು. ೨೦೨೧ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಾಲಯ ೩೯ ಮಂದಿಯ ಶಿಕ್ಷೆಯನ್ನು ರದ್ದುಮಾಡಿತು. ೨೦೨೪ರ ಮೇ ತಿಂಗಳಲ್ಲಿ ಉಳಿದ ನೂರಾರು ಶಿಕ್ಷೆಗಳನ್ನು ತೊಡೆಯಲು ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು.

ಆದಕಾರಣ, ತಂಡದಲ್ಲಿರುವ ನಮ್ಮ ತರುಣರು ಪುಟವನ್ನು ಬರೆಯುವಾಗ ಅದನ್ನು ಯಾರು ಓದಬಲ್ಲರು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಫೋನಿನಲ್ಲಿ ದೂರು ಕೇಳುವ ಹುಡುಗಿಗೆ ಆ ವಹಿ ಕಾಣದಿದ್ದರೆ ಅವಳೂ "ನಿಮ್ಮೊಬ್ಬರಿಗೇ" ಎನ್ನುತ್ತಾಳೆ, ಪ್ರಾಮಾಣಿಕವಾಗಿಯೇ. ಯಂತ್ರದ ಇನ್ನೊಂದು ಬದಿಗೆ ಕುಳಿತಿರುವ ವಾಚಕರಾದರೋ ತಮ್ಮದೇ ಚಿಕ್ಕ ವಹಿಯನ್ನು ಇಡಬಹುದು. ಲೆಕ್ಕ ತಪ್ಪಿದ ಹೊತ್ತು, ಆಗ ಪರದೆಯ ಮೇಲಿದ್ದ ಮಾತು, ಎಷ್ಟು ಸಲ ಒತ್ತಿದೆವೆಂಬುದು, ಬಂದ ರಸೀತಿಯ ನಂಬರು, ಇಷ್ಟನ್ನು ಆ ದಿನವೇ ಬರೆದುಕೊಳ್ಳಬೇಕು; ಫೋನಿನಿಂದ ಪರದೆಯ ಚಿತ್ರ ತೆಗೆದರೆ ಇನ್ನೂ ಲೇಸು. ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದುಕೊಟ್ಟು ದೂರಿನ ನಂಬರು ಪಡೆಯಬೇಕು. ಕೊರತೆಯನ್ನು ಕೈಯಿಂದ ತುಂಬಲೇಬೇಕಾಗಿ ಬಂದರೆ, ಕಾರಣ ಗೊತ್ತಾಗದೆ ತುಂಬಿದ್ದೆಂದು ರಸೀತಿಯ ಮೇಲೆ ಬರೆಸಬೇಕು. ಪಕ್ಕದ ಪಾಳಿಯವರನ್ನೂ ಪಕ್ಕದ ಶಾಖೆಯವರನ್ನೂ "ನಿಮಗೂ ಹೀಗಾಗಿದೆಯೇ?" ಎಂದು ಕೇಳಬೇಕು.

ತಂಡದವರ ಪುಟದಲ್ಲಿ ನಾವು ಕೊನೆಗೆ ಹುಡುಕುವುದು ಎರಡು ಸಾಲುಗಳನ್ನು. ಇದೇ ತಪ್ಪು ಪ್ರೋಗ್ರಾಮಿನ ಬೇರೆಲ್ಲಿ ಅಡಗಿದೆ ಎಂಬುದು ಒಂದು. ಹೊತ್ತನ್ನು ಕಳೆಯುವ ಲೆಕ್ಕ ರಜೆಯಲ್ಲಿಯೂ ಓವರ್‌ಟೈಮಿನಲ್ಲಿಯೂ ಇದ್ದೇ ಇರುತ್ತದಲ್ಲ! ಎರಡನೆಯದು ಹೆಚ್ಚಾಗಿ ಯಾರೂ ಬರೆಯದ ಸಾಲು. ಪ್ರೋಗ್ರಾಮು ಇಂದಿನಿಂದ ಸರಿಯಾಯಿತು, ಸರಿ. ಮೂರನೆಯ ಪಾಳಿ ಶುರುವಾದ ತಿಂಗಳಿನಿಂದ ಇಂದಿನವರೆಗೆ ಯಾರ ಯಾರ ಎಷ್ಟು ತಾಸು ಸೊನ್ನೆಯಾಗಿತ್ತು, ಕೆಲಸ ಬಿಟ್ಟು ಊರಿಗೆ ಹೋದವರೂ ಸೇರಿದಂತೆ ಅವರಿಗೆ ಸಲ್ಲಬೇಕಾದ ಬಾಕಿ ಎಷ್ಟು, ಅದನ್ನು ಮುಟ್ಟಿಸಿದ ತಾರೀಖು ಯಾವುದು.